ಬಾಳು ಮುಡಿಪು, ದುಡಿಮೆ ಯಾರದು?

ದೊಡವಾಡದ ಸುತ್ತಲಿನ ಸೀಮೆಗೆ ಸನ್ಯಾಸ ಹೊಸದಲ್ಲ. ಬೈಲಹೊಂಗಲದಿಂದ ಸವದತ್ತಿಯವರೆಗೆ, ಕಿತ್ತೂರಿನಿಂದ ರಾಮದುರ್ಗದವರೆಗೆ ಮಠವಿಲ್ಲದ ದೊಡ್ಡ ಊರು ಹುಡುಕಿದರೂ ಸಿಗುವುದು ಕಷ್ಟ. ಯಲ್ಲಮ್ಮನ ಗುಡ್ಡದಲ್ಲಿ ದೇವಿಗೆ ಬಿಟ್ಟ ಹೆಣ್ಣುಮಕ್ಕಳನ್ನು ಈ ಸೀಮೆ ಕಂಡಿದೆ. ಬಿಳಿ ಸೀರೆಯುಟ್ಟು ಬರಿಗಾಲಲ್ಲಿ ಊರಿಂದೂರಿಗೆ ನಡೆಯುವ ಜೈನ ಆರ್ಯಿಕೆಯರಿಗೆ ದಾರಿ ಬಿಟ್ಟು ನಿಂತಿದೆ. ಹತ್ತಿರದ ಧಾರವಾಡದಲ್ಲಿ 1970ರಲ್ಲಿ ಮಾತೆ ಮಹಾದೇವಿಯವರು ಜಗದ್ಗುರು ಪೀಠವನ್ನೇರಿದಾಗ, ಹೆಣ್ಣು ಪೀಠಾಧಿಪತಿ ಆಗಬಹುದೇ ಎಂಬ ಜಗಳವನ್ನೂ ಕೇಳಿದೆ.

ಈ ಸಾಲಿಗೆ ಕ್ಯಾಥೊಲಿಕ್ ಸಿಸ್ಟರುಗಳು ಸೇರಿದ್ದು ತಡವಾಗಿ. ಸಾಲಿಯಲ್ಲಿ ಪಾಠ ಹೇಳುತ್ತಾರೆ, ದವಾಖಾನೆಯಲ್ಲಿ ಇಂಜೆಕ್ಷನ್ ಕೊಡುತ್ತಾರೆ, ಸ್ವಸಹಾಯ ಸಂಘದ ಲೆಕ್ಕ ನೋಡುತ್ತಾರೆ. ಇಷ್ಟೆಲ್ಲ ಕಣ್ಣೆದುರೇ ನಡೆದರೂ ಅವರ ಬದುಕಿನ ಒಳಗು ನಮಗೆ ತಿಳಿದಿರುವುದು ಅಷ್ಟಕ್ಕಷ್ಟೆ. ಅವರಿಗೆ ಪಗಾರ ಉಂಟೇ? ಉಂಟಾದರೆ ಯಾರ ಕೈಗೆ? ಇಲ್ಲಿಂದ ಅಲ್ಲಿಗೆ ವರ್ಗ ಮಾಡುವವರು ಯಾರು? ಬಿಟ್ಟು ಬರಬೇಕೆನಿಸಿದರೆ ಗತಿಯೇನು? ಅವರು ಮಾಡುವುದು ಸೇವೆಯೋ, ಧರ್ಮಪ್ರಚಾರವೋ, ಸಂಬಳವಿಲ್ಲದ ಚಾಕರಿಯೋ? ಈ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳೇ ಹಲವು ಪಂಥಗಳಾಗಿ ಬೆಳೆದಿವೆ. ಒಂದೊಂದು ಪಂಥವೂ ಒಂದಷ್ಟನ್ನು ಚೆನ್ನಾಗಿ ವಿವರಿಸುತ್ತದೆ, ಒಂದಷ್ಟರ ಮುಂದೆ ಸುಮ್ಮನಾಗುತ್ತದೆ. ನನ್ನ ಒಲವು ಎತ್ತ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ದುಡಿಮೆ ಯಾರದು, ಅದರ ಮೇಲೆ ಅಧಿಕಾರ ಯಾರದು ಎಂಬ ಕಡೆಯಿಂದ ನೋಡಿದಾಗ ಹೆಚ್ಚು ಕಾಣುತ್ತದೆ ಎಂದು ನನ್ನ ನಂಬಿಕೆ. ಆದರೆ ಅಲ್ಲಿಂದಲೂ ಎಲ್ಲವೂ ಕಾಣುವುದಿಲ್ಲ.

ಗೋಡೆಯ ಒಳಗಿನವರು, ಹೊರಗಿನವರು

ಕ್ಯಾಥೊಲಿಕ್ ಧರ್ಮಸಭೆಯಲ್ಲಿ ವ್ರತ ತೊಟ್ಟ ಹೆಂಗಸರು ಎರಡು ಬಗೆ. ಮಠದ ಗೋಡೆ ದಾಟದೆ ಪ್ರಾರ್ಥನೆಯಲ್ಲೇ ಬಾಳು ಸವೆಸುವವರು ಒಂದು ಕಡೆ. ಶಾಲೆ, ಆಸ್ಪತ್ರೆ, ಅನಾಥಾಲಯ ಎಂದು ಊರಲ್ಲಿ ಓಡಾಡುವವರು ಇನ್ನೊಂದು ಕಡೆ. ನಾವು ದಿನವೂ ಕಾಣುವುದು ಎರಡನೆಯವರನ್ನು. ಚರಿತ್ರೆಯಲ್ಲಿ ಬಹುಕಾಲ ಅಧಿಕೃತ ಮಾನ್ಯತೆ ಇದ್ದದ್ದು ಮೊದಲಿನವರಿಗೆ ಮಾತ್ರ.

1298ರಲ್ಲಿ ಎಂಟನೇ ಬೋನಿಫೇಸ್ ಪೋಪರು ಸನ್ಯಾಸಿನಿಯರೆಲ್ಲ ಗೋಡೆಯೊಳಗೇ ಇರಬೇಕೆಂದು ಆಜ್ಞೆ ಹೊರಡಿಸಿದರು. 1563ರಲ್ಲಿ ಟ್ರೆಂಟ್ ಮಹಾಸಭೆ ಅದನ್ನೇ ಮತ್ತಷ್ಟು ಬಿಗಿ ಮಾಡಿತು. ಹೊರಗೆ ಹೋಗಿ ರೋಗಿಗಳನ್ನು ಉಪಚರಿಸಬೇಕು, ಬಡ ಹುಡುಗಿಯರಿಗೆ ಓದಿಸಬೇಕು ಎಂದ ಹೆಂಗಸರು ಮುಂದಿನ ಮೂರು ಶತಮಾನ ನಿಯಮಗಳ ಸಂದಿಯಲ್ಲಿ ನುಸುಳಿಕೊಂಡೇ ಕೆಲಸ ಮಾಡಬೇಕಾಯಿತು. ಅಂಥ ಸಂಸ್ಥೆಗಳನ್ನು ಹದಿಮೂರನೇ ಲಿಯೋ ಪೋಪರು ಪೂರ್ಣವಾಗಿ ಒಪ್ಪಿಕೊಂಡದ್ದು 1900ರಲ್ಲಿ. ಹಾಗೆಂದರೆ ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ ಸಿಸ್ಟರುಗಳು ಶಾಲೆ ತೆರೆದು ದಶಕಗಳು ಕಳೆದ ಮೇಲೆ ರೋಮಿನ ಕಾನೂನು ಅವರನ್ನು ಹಿಂಬಾಲಿಸಿ ಬಂತು. ಹೆಂಗಸರು ಮೊದಲು ಮಾಡಿ ತೋರಿಸುವುದು, ಅಪ್ಪಣೆ ಆಮೇಲೆ ಬರುವುದು: ಈ ಕ್ರಮ ಮುಂದೆಯೂ ಕಾಣುತ್ತದೆ.

ನಮ್ಮ ಕಡೆಗೆ ಹತ್ತಿರದ ಹಳೆಯ ಉದಾಹರಣೆ ಘಟ್ಟದ ಕೆಳಗಿನ ಗೋವಾದ್ದು. 1606ರಲ್ಲಿ ಆರ್ಚ್‌ಬಿಷಪ್ ಅಲೆಶೊ ದ ಮೆನೆಝಿಸ್ ಹಳೇ ಗೋವಾದಲ್ಲಿ ಸಾಂತಾ ಮೋನಿಕಾ ಕನ್ಯಾಮಠ ಸ್ಥಾಪಿಸಿದರು. ಅದು ಮುಖ್ಯವಾಗಿ ಪೋರ್ಚುಗೀಸ್ ಮೂಲದ ಕುಟುಂಬಗಳ ಹೆಣ್ಣುಮಕ್ಕಳ ಮಠ. ಅಲ್ಲಿ ಸೇರುವವಳು ವರದಕ್ಷಿಣೆ ತರಬೇಕಿತ್ತು. ಈ ವರದಕ್ಷಿಣೆ ಗೋವಾದ ವಿಚಿತ್ರವಲ್ಲ. 1917ರ ಧರ್ಮಸಭಾ ಸಂಹಿತೆಯೂ ಕನ್ಯಾಮಠ ಸೇರುವವಳು ಅದನ್ನು ತರಬೇಕೆಂದು ಹೇಳಿತ್ತು. 1983ರ ಸಂಹಿತೆ ಅದರ ಸೊಲ್ಲೆತ್ತಲಿಲ್ಲ. ಮದುವೆಯ ವರದಕ್ಷಿಣೆ ತಪ್ಪಿಸಿಕೊಳ್ಳಲು ಹುಡುಗಿಯರು ಕಾನ್ವೆಂಟ್ ಸೇರುತ್ತಾರೆ ಎಂದು ಸಲೀಸಾಗಿ ಹೇಳುವವರು ಈ ಚರಿತ್ರೆಯನ್ನೂ ಗಮನಿಸಬೇಕು.

ಕರಾವಳಿಯಲ್ಲಿ, ಬೆಂಗಳೂರಿನಲ್ಲಿ

ಕರ್ನಾಟಕದ ಮಟ್ಟಿಗೆ ಹೊಸ ಕಾಲ ಶುರುವಾಗುವುದು 1854ರಲ್ಲಿ, ಫ್ರಾನ್ಸಿನ ಆಂಜೆಯಿಂದ ಗುಡ್ ಶೆಫರ್ಡ್ ಸಿಸ್ಟರುಗಳು ಬೆಂಗಳೂರಿಗೆ ಬಂದಾಗ. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆ 1886ರಲ್ಲಿ ಅವರು ತೆರೆದದ್ದು. 1882ರಲ್ಲಿ ತಾರ್ಬಿನ ಸೇಂಟ್ ಜೋಸೆಫ್ ಸಿಸ್ಟರುಗಳು ಬಂದರು.

ಆದರೆ ಕಥೆ ಗಟ್ಟಿಯಾಗುವುದು ಮಂಗಳೂರಿನಲ್ಲಿ. 1870ರಲ್ಲಿ ಎರಡು ತಂಡಗಳು ಒಂದೇ ಊರಿಗೆ ಬಂದವು. ಒಂದು, ಫ್ರಾನ್ಸಿನ ಪೋ ಊರಿನಿಂದ ಬಂದ ಕಾರ್ಮೆಲ್ ಸನ್ಯಾಸಿನಿಯರ ತಂಡ. ಗೋಡೆಯೊಳಗಿನ ಬಾಳು ಅವರದು. ಹಡಗಿನ ಪ್ರಯಾಣದ ಕಷ್ಟಕ್ಕೆ ಕೆಲವರು ಮಂಗಳೂರು ಮುಟ್ಟುವ ಮುನ್ನವೇ ತೀರಿಕೊಂಡರು. ಬದುಕಿ ಬಂದವರಲ್ಲಿ ಮರಿಯಂ ಬವಾರ್ದಿ ಎಂಬ ಪ್ಯಾಲೆಸ್ಟೀನಿನ ತರುಣಿ ಇದ್ದಳು. ಓದುಬರಹ ಹೆಚ್ಚಿಲ್ಲದವಳು, ಮನೆಗೆಲಸ ಮಾಡಿ ಬದುಕಿದ್ದವಳು. 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ವ್ರತ ತೊಟ್ಟಳು. ಅವಳ ಆಧ್ಯಾತ್ಮಿಕ ಅನುಭವಗಳ ಬಗ್ಗೆ ಅಲ್ಲಿನ ಹಿರಿಯರಿಗೆ ಅನುಮಾನ ಹುಟ್ಟಿ, 1872ರಲ್ಲಿ ಅವಳನ್ನು ಫ್ರಾನ್ಸಿಗೆ ವಾಪಸು ಕಳಿಸಲಾಯಿತು. 2015ರಲ್ಲಿ ಫ್ರಾನ್ಸಿಸ್ ಪೋಪರು ಅವಳನ್ನು ಸಂತಳೆಂದು ಸಾರಿದರು. ಮಂಗಳೂರಿನಲ್ಲಿ ವ್ರತ ತೊಟ್ಟು, ಅಲ್ಲಿಂದಲೇ ಅನುಮಾನದ ಮೇಲೆ ಹೊರಹಾಕಿಸಿಕೊಂಡ ಈ ಸಂತಳ ಹೆಸರು ಕನ್ನಡದ ಬರಹಗಳಲ್ಲಿ ಕಾಣುವುದೇ ಅಪರೂಪ.

ಎರಡನೆಯ ತಂಡ ಅಪೊಸ್ತಲಿಕ್ ಕಾರ್ಮೆಲ್ ಸಂಸ್ಥೆಯದು. ಅದನ್ನು 1868ರಲ್ಲಿ ಕಟ್ಟಿದ ಮದರ್ ವೆರೊನಿಕಾ, ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾಗಿ 1823ರಲ್ಲಿ ಹುಟ್ಟಿದವರು, ಆಮೇಲೆ ಕ್ಯಾಥೊಲಿಕ್ ಆದವರು. ಮಂಗಳೂರಿನ ಬಿಷಪ್ ಮರಿ ಎಫ್ರೆಮ್ ಅವರಿಗೆ ಹುಡುಗಿಯರ ಶಾಲೆಗೆ ಶಿಕ್ಷಕಿಯರು ಬೇಕಿದ್ದರು. ಹಾಗೆ ಬಂದವರು ಸೇಂಟ್ ಆ್ಯನ್ಸ್ ಕಾನ್ವೆಂಟಿನಿಂದ ಶುರುಮಾಡಿ 1921ರಲ್ಲಿ ಸೇಂಟ್ ಆಗ್ನೆಸ್ ಮಹಿಳಾ ಕಾಲೇಜು ತೆರೆದರು. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜು (1948) ಇದೇ ಸಂಸ್ಥೆಯದು.

ಅದೇ 1921ರಲ್ಲಿ ಅದೇ ಮಂಗಳೂರಿನಲ್ಲಿ ಇನ್ನೊಂದು ಹುಟ್ಟಿತು. ಸ್ಥಳೀಯ ಗುರು ರೇಮಂಡ್ ಮಸ್ಕರೇನಸ್ ಅವರು ನಾಲ್ವರು ಶಿಕ್ಷಕಿಯರನ್ನು ಜೊತೆಗೂಡಿಸಿ ಬೆಥನಿ ಸಂಸ್ಥೆ ಕಟ್ಟಿದರು. ಯುರೋಪಿನ ಸಂಸ್ಥೆಗಳು ಪಟ್ಟಣದ ಕಡೆಗೆ ಮುಖಮಾಡಿದ್ದಾಗ ಬೆಥನಿಯ ಗುರಿ ಹಳ್ಳಿಯ ಕನ್ನಡ ಶಾಲೆಗಳು. ಅದಕ್ಕೂ ಮುಂಚೆ 1887ರಲ್ಲಿ ಜೆಸ್ವಿಟ್ ಗುರು ಉರ್ಬಾನ್ ಸ್ಟೈನ್ ಅವರಿಂದ ಅರ್ಸುಲೈನ್ ಫ್ರಾನ್ಸಿಸ್ಕನ್ ಸಂಸ್ಥೆ ಮಂಗಳೂರಿನಲ್ಲೇ ಶುರುವಾಗಿತ್ತು. 1921 ಎಂಬ ಒಂದೇ ವರ್ಷ, ಒಂದೇ ಊರು: ಒಂದು ಕಡೆ ಹೆಣ್ಣುಮಕ್ಕಳ ಇಂಗ್ಲಿಷ್ ಕಾಲೇಜು, ಇನ್ನೊಂದು ಕಡೆ ಹಳ್ಳಿಗೆ ಹೋಗುವ ಶಿಕ್ಷಕಿಯರು. ಸನ್ಯಾಸಿನಿಯರ ಕುರಿತ ಮುಂದಿನ ವಾದಗಳಲ್ಲಿ ಹಲವು ಈ ಕವಲಿನಿಂದಲೇ ಹೊರಟಿವೆ.

ಬಯಲುಸೀಮೆಗೆ ತಡವಾದದ್ದೇಕೆ?

ಮಂಗಳೂರಿನ ಕಥೆಯನ್ನು ಹಾಗೇ ತಂದು ಬೈಲಹೊಂಗಲಕ್ಕೆ ಹಚ್ಚಲು ಬರುವುದಿಲ್ಲ. ಧಾರವಾಡ ಭಾಗಕ್ಕೆ 1837ರಲ್ಲಿ ಬಂದ ಕ್ರೈಸ್ತರು ಬಾಸೆಲ್ ಮಿಶನ್ನಿನವರು. ಅವರು ಪ್ರಾಟೆಸ್ಟೆಂಟರು, ಅವರಲ್ಲಿ ಸನ್ಯಾಸವೇ ಇಲ್ಲ. ಪಾದ್ರಿಯ ಹೆಂಡತಿಯೇ ಅಲ್ಲಿ ಹೆಣ್ಣುಮಕ್ಕಳ ಶಾಲೆ ನೋಡಿಕೊಳ್ಳುತ್ತಿದ್ದದ್ದು ಹೆಚ್ಚು. ಬೆಳಗಾವಿ ಕ್ಯಾಂಪಿನ ಸೇಂಟ್ ಜೋಸೆಫ್ಸ್ ಕಾನ್ವೆಂಟ್ ಬಿಟ್ಟರೆ ಹಳ್ಳಿಗಾಡಿನಲ್ಲಿ ಸಿಸ್ಟರುಗಳು ಕಾಣತೊಡಗಿದ್ದು ಮುಖ್ಯವಾಗಿ 1953ರಲ್ಲಿ ಬೆಳಗಾವಿ ಪ್ರತ್ಯೇಕ ಧರ್ಮಪ್ರಾಂತ್ಯವಾದ ಮೇಲೆ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಬಡ ಮಕ್ಕಳಿಗೆ ಅನ್ನ ಹಾಕಿ ಓದಿಸುವ ಕೆಲಸವನ್ನು ಇಲ್ಲಿ ಲಿಂಗಾಯತ ಮಠಗಳು ಆಗಲೇ ಹೊತ್ತಿದ್ದವು. ನಾಗನೂರು ರುದ್ರಾಕ್ಷಿಮಠದ ಪ್ರಸಾದನಿಲಯದಂಥವು ಇರುವಲ್ಲಿ, 1916ರಲ್ಲಿ ಏಳು ಶಿಕ್ಷಕರು ಕೂಡಿ ಕೆಎಲ್‌ಇ ಸಂಸ್ಥೆ ಕಟ್ಟಿದ ಜಿಲ್ಲೆಯಲ್ಲಿ, ಕಾನ್ವೆಂಟಿಗೆ ಕರಾವಳಿಯಲ್ಲಿದ್ದಷ್ಟು ಖಾಲಿ ಜಾಗ ಇರಲಿಲ್ಲ. ಆದರೆ ಆ ಪ್ರಸಾದನಿಲಯಗಳಲ್ಲಿ ಉಂಡು ಓದಿದವರು ಬಹುಪಾಲು ಗಂಡುಮಕ್ಕಳು. ಹೆಣ್ಣುಮಕ್ಕಳ ವಸತಿ, ಹಳ್ಳಿಯ ಬಾಣಂತಿ, ಗುಡ್ಡದ ದೇವದಾಸಿಯ ಮಗಳು, ಆಮೇಲೆ ಎಚ್‌ಐವಿ ತಗುಲಿದ ಕೂಲಿ ಹೆಂಗಸು: ಮಠದ ಕೈ ಮುಟ್ಟದ ಈ ಅಂಚುಗಳಲ್ಲೇ ಸಿಸ್ಟರುಗಳಿಗೆ ಜಾಗ ಸಿಕ್ಕಿದ್ದು.

ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿ ಜೆಸ್ವಿಟ್ ಗುರುಗಳು ಕಾವಿ ಉಟ್ಟು, ವಿರಕ್ತಮಠದ ರೀತಿಯಲ್ಲೇ ಆಶ್ರಮ ಕಟ್ಟಿ ಬಾಳಿದರು. ಹೊರಗಿನಿಂದ ಬಂದ ಧರ್ಮ ಈ ನೆಲದ ಸನ್ಯಾಸದ ರೂಪ ತೊಡಬಹುದೇ ಎಂಬ ಪ್ರಯೋಗ ಅದು. ಗಂಡಸರ ಈ ಪ್ರಯೋಗದ ಬಗ್ಗೆ ಬರೆದವರುಂಟು. ಅದೇ ನೆಲದಲ್ಲಿ ಸಿಸ್ಟರುಗಳು ಅಕ್ಕಮಹಾದೇವಿಯ ಬಾಳನ್ನು ಹೇಗೆ ಓದಿಕೊಂಡರು, ಏನು ಕಲಿತರು ಎಂದು ಕೇಳಿದವರು ಕಡಿಮೆ.

ಒಬ್ಬ ಹುಡುಗಿ ಸಿಸ್ಟರ್ ಆಗುವುದು

ವಾದಗಳಿಗೆ ಹೋಗುವ ಮುನ್ನ ನಿಯಮಗಳನ್ನು ಚುಟುಕಾಗಿ ನೋಡಿಬಿಡೋಣ. ಹದಿನೇಳು ತುಂಬದವಳನ್ನು ನವಸನ್ಯಾಸಕ್ಕೆ ಸೇರಿಸಿಕೊಂಡರೆ ಅದು ಊರ್ಜಿತವಲ್ಲ. ನವಸನ್ಯಾಸ ಕನಿಷ್ಠ ಹನ್ನೆರಡು ತಿಂಗಳು. ಆಮೇಲೆ ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತ, ಅದೂ ತಾತ್ಕಾಲಿಕ: ಮೂರರಿಂದ ಆರು ವರ್ಷ, ಬೇಕಾದರೆ ಒಂಬತ್ತರವರೆಗೆ. ಆಜೀವ ವ್ರತಕ್ಕೆ ಇಪ್ಪತ್ತೊಂದು ತುಂಬಿರಲೇಬೇಕು. ನಡುವೆ ಬಿಟ್ಟುಹೋಗಲು ಬಾಗಿಲು ತೆರೆದೇ ಇರುತ್ತದೆ.

ಇದನ್ನು ಹೇಳುವುದಕ್ಕೆ ಕಾರಣವಿದೆ. ಸವದತ್ತಿಯ ಸೀಮೆಯಲ್ಲಿ ಕೂತು ಈ ವಿಷಯ ಎತ್ತಿದರೆ, ಇದೂ ದೇವರಿಗೆ ಬಿಡುವುದೇ ಅಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅಲ್ಲ. ದೇವದಾಸಿಯಾಗಿಸುತ್ತಿದ್ದದ್ದು ಮನೆಯವರು, ಹುಡುಗಿಗೆ ತಿಳುವಳಿಕೆ ಬರುವ ಮೊದಲೇ. 1982ರ ಕರ್ನಾಟಕ ಕಾಯ್ದೆ ಅದನ್ನು ಅಪರಾಧವೆಂದಿತು. ಇಲ್ಲಿ ವಯಸ್ಸಿದೆ, ಒಪ್ಪಿಗೆಯಿದೆ, ವರ್ಷಗಟ್ಟಲೆ ಪರೀಕ್ಷೆಯಿದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ವಾದವನ್ನು ನಾನು ಗಂಭೀರವಾಗಿ ತೆಗೆದುಕೊಳ್ಳಲಾರೆ. ಹಾಗೆಂದು ಒಪ್ಪಿಗೆಯ ಪ್ರಶ್ನೆ ಅಲ್ಲಿಗೇ ಮುಗಿಯಿತು ಅಂತಲ್ಲ. ಹದಿನೆಂಟರ ಹುಡುಗಿ ಒಪ್ಪಿದ್ದನ್ನು ನಲವತ್ತೆಂಟರ ಹೆಂಗಸು ಮರುಯೋಚಿಸಿದರೆ ಅವಳಿಗೆ ಉಳಿದಿರುವ ದಾರಿ ಯಾವುದು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಮೊದಲ ಪಂಥ: ದೇವರ ಕರೆ

ಸಿಸ್ಟರುಗಳೇ ತಮ್ಮ ಬಾಳನ್ನು ವಿವರಿಸುವುದು ಹೀಗೆ. ಅವರ ಸಂಸ್ಥೆಗಳು ಹೊರತಂದ ಚರಿತ್ರೆಗಳು, ಜನ್ಮಶತಮಾನೋತ್ಸವದ ಸಂಚಿಕೆಗಳು ಇದೇ ದನಿಯವು. ಕರೆ ಬಂತು, ಓಗೊಟ್ಟೆವು. ಶಾಲೆ, ಆಸ್ಪತ್ರೆ ಎಲ್ಲ ಅದರಿಂದ ಹರಿದುಬಂದವು. ಹೊರಗಿನ ವಿದ್ವಾಂಸರು ಇದನ್ನು ಭಕ್ತಿಸಾಹಿತ್ಯ ಎಂದು ಬದಿಗೆ ಸರಿಸುವುದುಂಟು. ಅದು ತಪ್ಪು. ಗೋಡೆಯೊಳಗೆ ಇಡೀ ಬಾಳು ಕಳೆಯುವ ಕಾರ್ಮೆಲ್ ಸನ್ಯಾಸಿನಿಯನ್ನು ಬೇರೆ ಯಾವ ವಾದವೂ ವಿವರಿಸುವುದಿಲ್ಲ. ಅವಳು ಶಾಲೆ ನಡೆಸುವುದಿಲ್ಲ, ಯಾರನ್ನೂ ಮತಕ್ಕೆ ಸೇರಿಸುವುದಿಲ್ಲ, ಹಣ ತರುವುದಿಲ್ಲ. ಅಕ್ಕ ಕದಳಿಗೆ ಹೋದದ್ದು ಯಾಕೆ ಎಂಬ ಪ್ರಶ್ನೆಗೆ ಅರ್ಥಶಾಸ್ತ್ರದಲ್ಲಿ ಉತ್ತರ ಹುಡುಕದ ನಾವು ಇವರ ವಿಷಯದಲ್ಲೂ ಅಷ್ಟು ಗೌರವ ತೋರಬಹುದು.

ಆದರೆ ಈ ಪಂಥ ಜಗಳಗಳನ್ನು ಹೇಳುವುದಿಲ್ಲ. ಬಿಷಪ್ ಮತ್ತು ಮದರ್ ನಡುವಿನ ತಿಕ್ಕಾಟ, ಬಿಟ್ಟುಹೋದವರ ಹೆಸರು, ಜಮೀನಿನ ಕಾಗದ ಯಾರ ಹೆಸರಿನಲ್ಲಿದೆ ಎಂಬ ವಿವರ, ಇವು ಶತಮಾನೋತ್ಸವದ ಸಂಚಿಕೆಗೆ ಬರುವುದಿಲ್ಲ.

ಎರಡನೆಯದು: ಸೇವೆಯ ಹಿಂದಿನ ಉದ್ದೇಶ

ಸೇವೆ ಮತಾಂತರಕ್ಕೆ ಗಾಳವಾಗಬಾರದು ಎಂದು ಗಾಂಧೀಜಿ ಮತ್ತೆ ಮತ್ತೆ ಹೇಳಿದ್ದರು. 1953ರಲ್ಲಿ ಕೆ.ಎಂ. ಪಣಿಕ್ಕರ್ ಮಿಶನರಿ ಕೆಲಸವನ್ನು ಪಾಶ್ಚಾತ್ಯ ಪ್ರಾಬಲ್ಯದ ಭಾಗವಾಗಿ ಓದಿದರು. 1956ರಲ್ಲಿ ಮಿಶನರಿ ಚಟುವಟಿಕೆಗಳ ಬಗ್ಗೆ ಮಧ್ಯಪ್ರದೇಶದ ನಿಯೋಗಿ ಸಮಿತಿಯ ವರದಿ ಬಂತು. ನಮ್ಮಲ್ಲಿ ಈ ವಾದ 2021ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೇ ಬಂತು. ಮತಾಂತರ ನಿಷೇಧ ಮಸೂದೆ ವಿಧಾನಸಭೆಯಲ್ಲಿ ಒಪ್ಪಿಗೆ ಪಡೆದದ್ದು ಅಲ್ಲೇ, 2022ರಲ್ಲಿ ಕಾಯ್ದೆಯಾಯಿತು, 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು.

ವಸಾಹತು ಕಾಲದ ಶಾಲೆಗಳ ಬಗ್ಗೆ ಈ ಪಂಥ ಹೇಳುವುದರಲ್ಲಿ ಹುರುಳಿದೆ. ಯಾವ ಪಠ್ಯ, ಯಾವ ಭಾಷೆ, ಯಾವ ಉಡುಪು ಎಂಬುದು ಆಳುವವರ ಲೋಕದಿಂದಲೇ ಬಂತು. ಆದರೆ ಇಂದಿನ ಸಿಸ್ಟರುಗಳನ್ನು ಮತಾಂತರದ ಯಂತ್ರವೆಂದು ನೋಡುವ ವಾದಕ್ಕೆ ಲೆಕ್ಕ ಕೂಡಿಬರುವುದಿಲ್ಲ. ಒಂದೂವರೆ ಶತಮಾನ ಕಾನ್ವೆಂಟ್ ಶಾಲೆಗಳು ನಡೆದ ಮೇಲೂ 2011ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು ಶೇಕಡಾ 1.87. ಆ ಶಾಲೆಗಳಲ್ಲಿ ಓದಿ ಬಂದ ಲಕ್ಷಾಂತರ ಹೆಣ್ಣುಮಕ್ಕಳು ತಮ್ಮ ತಮ್ಮ ಮನೆದೇವರನ್ನೇ ಪೂಜಿಸುತ್ತಿದ್ದಾರೆ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ದಾಳಿಯಾದದ್ದು ಮಿಲಾಗ್ರಿಸ್ ಬಳಿಯ ಆರಾಧನಾ ಮಠದ ಮೇಲೆ. ಸಿಟ್ಟು ಹುಟ್ಟಿದ್ದು ಕ್ಯಾಥೊಲಿಕ್ ಸಭೆಗೆ ಸೇರದ ಬೇರೊಂದು ಪಂಗಡದ ಪುಸ್ತಕದಿಂದ. ಏಟು ಬಿದ್ದದ್ದು ಹೊರಗೆ ಕಾಲಿಡದೆ ಪ್ರಾರ್ಥನೆ ಮಾಡುವ ಹೆಂಗಸರ ಮೇಲೆ. ಈ ಪಂಥದವರು ತಾವು ಯಾರ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದನ್ನೇ ಎಷ್ಟೋ ಸಲ ಗುರುತಿಸಿಕೊಂಡಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮೂರನೆಯದು: ಬಿಡುಗಡೆಯೋ, ಬೇಲಿಯೋ

ಸ್ತ್ರೀವಾದಿ ಚರಿತ್ರೆಕಾರರು ಕಾನ್ವೆಂಟನ್ನು ಹೊಸ ಕಣ್ಣಿಂದ ನೋಡಿದರು. ಮದುವೆ, ಹೆರಿಗೆ, ವೈಧವ್ಯ ಬಿಟ್ಟು ಹೆಣ್ಣಿಗೆ ಬೇರೆ ಬಾಳೇ ಇಲ್ಲದ ಕಾಲದಲ್ಲಿ ಓದುವುದಕ್ಕೆ, ಆಡಳಿತ ನಡೆಸುವುದಕ್ಕೆ, ಸಮುದ್ರ ದಾಟುವುದಕ್ಕೆ ದಾರಿ ಕೊಟ್ಟದ್ದು ಕಾನ್ವೆಂಟು ಎಂಬುದು ಅವರ ವಾದದ ಒಂದು ಮಗ್ಗುಲು. ಒಂದು ಕಾಲೇಜಿನ ಪ್ರಾಂಶುಪಾಲೆಯಾಗಿ, ಒಂದು ಆಸ್ಪತ್ರೆಯ ಮುಖ್ಯಸ್ಥೆಯಾಗಿ ಹೆಣ್ಣನ್ನು ನಮ್ಮ ಎಷ್ಟೋ ಊರುಗಳು ಮೊದಲು ಕಂಡದ್ದು ಸಿಸ್ಟರ್ ರೂಪದಲ್ಲೇ.

ವೈದ್ಯಕೀಯದ ಕಥೆ ಎರಡೂ ಮಗ್ಗುಲನ್ನು ಒಟ್ಟಿಗೆ ತೋರಿಸುತ್ತದೆ. ವ್ರತ ತೊಟ್ಟವರು ಹೆರಿಗೆ ಮಾಡಿಸುವುದು, ವೈದ್ಯರಾಗಿ ಕೆಲಸ ಮಾಡುವುದು ಬಹುಕಾಲ ಧರ್ಮಸಭೆಗೆ ಒಪ್ಪಿಗೆ ಇರಲಿಲ್ಲ. ನಮ್ಮ ದೇಶದಲ್ಲಿ ಗೋಷೆಯ ಹೆಂಗಸರು ಗಂಡು ಡಾಕ್ಟರರ ಹತ್ತಿರ ಹೋಗದೆ ಬಾಣಂತನದಲ್ಲಿ ಸಾಯುತ್ತಿದ್ದ ಕಾಲ ಅದು. ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೌರಿ 1920ರಲ್ಲಿ ಗುಂಟೂರಿಗೆ ಬಂದು ಸಿಸ್ಟರ್ ಆಗಿ, ಪೋಪರ ವಿಶೇಷ ಅನುಮತಿಯಿಂದ ವೈದ್ಯವೃತ್ತಿ ನಡೆಸಿದರು. ಎಲ್ಲರಿಗೂ ಅಪ್ಪಣೆ ಸಿಕ್ಕಿದ್ದು 1936ರಲ್ಲಿ. 1963ರಲ್ಲಿ ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ತೆರೆದಾಗ ಸಿಸ್ಟರುಗಳನ್ನು ಡಾಕ್ಟರುಗಳನ್ನಾಗಿ ಮಾಡುವುದು ಅದರ ಮುಖ್ಯ ಉದ್ದೇಶಗಳಲ್ಲಿ ಒಂದಾಗಿತ್ತು. ಬಸುರಿಯ ನಾಡಿ ಹಿಡಿಯಲು ರೋಮಿನ ಅಪ್ಪಣೆ ಬೇಕಾಗಿದ್ದ ಸ್ಥಿತಿಯಿಂದ ವೈದ್ಯಕೀಯ ಕಾಲೇಜಿನವರೆಗೆ ನಲವತ್ತೇ ವರ್ಷ.

ಇನ್ನೊಂದು ಮಗ್ಗುಲು ಬೇಲಿಯದು. ಎಷ್ಟು ಓದಿದರೂ ಸಿಸ್ಟರ್ ಬಲಿಪೂಜೆ ಅರ್ಪಿಸಲಾರಳು, ಪಾಪನಿವೇದನೆ ಕೇಳಲಾರಳು. ಹೆಂಗಸರಿಗೆ ಗುರುದೀಕ್ಷೆ ಇಲ್ಲವೆಂದು 1994ರಲ್ಲಿ ಎರಡನೇ ಜಾನ್ ಪಾಲ್ ಪೋಪರು ಖಡಾಖಂಡಿತ ಹೇಳಿದರು. ಆತ್ಮಿಕ ಅಧಿಕಾರಕ್ಕೆ ಗಂಡಸಿನ ಮುಖ ನೋಡಲೇಬೇಕಾದ ಈ ಅವಲಂಬನೆ ಎಲ್ಲಿಗೆ ಮುಟ್ಟಬಹುದು ಎಂಬುದನ್ನು ಕೇರಳ ಬಯಲಿಗಿಟ್ಟಿತು. 2009ರಲ್ಲಿ ಸಿಸ್ಟರ್ ಜೆಸ್ಮಿ ಅವರ ಆತ್ಮಕಥೆ ‘ಆಮೆನ್’ ಬಂತು. 2018ರಲ್ಲಿ ಬಿಷಪ್ ಒಬ್ಬರ ಮೇಲೆ ಅತ್ಯಾಚಾರದ ದೂರು ಬಂದಾಗ ಸಿಸ್ಟರುಗಳು ಕೊಚ್ಚಿಯ ಬೀದಿಯಲ್ಲಿ ಧರಣಿ ಕೂತರು. 2022ರ ಜನವರಿಯಲ್ಲಿ ವಿಚಾರಣಾ ನ್ಯಾಯಾಲಯ ಆ ಬಿಷಪರನ್ನು ಖುಲಾಸೆ ಮಾಡಿತು. ಗುರುಗಳಿಂದ ಸನ್ಯಾಸಿನಿಯರ ಮೇಲೆ ದೌರ್ಜನ್ಯ ನಡೆದದ್ದುಂಟು ಎಂದು 2019ರ ಫೆಬ್ರವರಿಯಲ್ಲಿ ಫ್ರಾನ್ಸಿಸ್ ಪೋಪರೇ ಒಪ್ಪಿ ನುಡಿದರು.

ನನಗೆ ಈ ಪಂಥದ ಕೊರತೆ ಕಾಣುವುದು ಬೇರೆ ಕಡೆ. ಕಾನ್ವೆಂಟಿನಲ್ಲೂ ಹೆಂಗಸರ ಮೇಲೆ ಹೆಂಗಸರ ಅಧಿಕಾರವಿದೆ. ಮದರ್ ಸುಪೀರಿಯರ್ ಹೇಳಿದ ಊರಿಗೆ ಹೋಗಲೇಬೇಕು. ಎಲ್ಲ ಕೆಡುಕನ್ನೂ ಬಿಷಪರ ತಲೆಗೆ ಕಟ್ಟುವವರು ಇದನ್ನು ಅರಗಿಸಿಕೊಳ್ಳುವುದಿಲ್ಲ.

ಜಾತಿ, ಭಾಷೆ ಎಂಬ ಒಳಗೋಡೆಗಳು

ಯುರೋಪಿನ ಮಠಗಳಲ್ಲಿ ಎರಡು ಪಂಕ್ತಿ ಇತ್ತು. ಲ್ಯಾಟಿನ್ ಬಲ್ಲವರು ಗಾನಪೀಠದಲ್ಲಿ ಕೂತು ಪ್ರಾರ್ಥನೆ ಹಾಡುವರು. ಬಾರದವರು ಅಡುಗೆ, ಬಟ್ಟೆ, ತೋಟ ನೋಡುವರು. ಮರಿಯಂ ಬವಾರ್ದಿ ಈ ಎರಡನೇ ಪಂಕ್ತಿಯವಳು. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಹೆಂಗಸರ ಸಂಸ್ಥೆಗಳಲ್ಲಿ ಇರುವುದು ಒಂದೇ ವರ್ಗ ಆಗಬೇಕೆಂದಿತು. ಭಾರತದಲ್ಲಿ ಆ ಪಂಕ್ತಿಭೇದಕ್ಕೆ ಜಾತಿ ಸೇರಿಕೊಂಡಿತ್ತು ಎಂಬುದು ದಲಿತ ಕ್ರೈಸ್ತ ಚಿಂತಕರ ವಾದ. ಕಾಗದದ ಮೇಲೆ ಹೋದದ್ದು ಊಟದ ಮನೆಯಿಂದ, ಚುನಾಯಿತ ಸ್ಥಾನಗಳಿಂದ ಹೋಯಿತೇ ಎಂದು ಅವರು ಕೇಳುತ್ತಾರೆ.

ಉತ್ತರ ಕರ್ನಾಟಕದಲ್ಲಿ ಇದು ಭಾಷೆಯ ರೂಪದಲ್ಲೂ ಬರುತ್ತದೆ. ಇಲ್ಲಿನ ಕಾನ್ವೆಂಟುಗಳಲ್ಲಿ ಮಂಗಳೂರು, ಗೋವಾ, ಕೇರಳದ ಕಡೆಯವರು ಹೆಚ್ಚು. ಕೊಂಕಣಿ, ಮಲಯಾಳಂ ಮನೆಮಾತಿನವರು ಬಂದು ನಮ್ಮ ಗಂಡುಗನ್ನಡ ಕಲಿತು, ಯವ್ವಾ ಎಂದು ಕರೆಯುವಷ್ಟು ಬೆರೆತದ್ದು ಸಣ್ಣ ಸಾಧನೆಯಲ್ಲ. ಆದರೆ ಅವರು ನಡೆಸುವ ಶಾಲೆಯಲ್ಲಿ ಮಕ್ಕಳು ಕನ್ನಡ ಬಿಟ್ಟು ಇಂಗ್ಲಿಷಿಗೆ ಹೋಗುತ್ತಾರೆ. ಬೆಥನಿಯ ಹಳ್ಳಿ ಶಾಲೆಯ ಕನಸಿಗೂ ಇವತ್ತಿನ ಇಂಗ್ಲಿಷ್ ಮಾಧ್ಯಮಕ್ಕೂ ನಡುವೆ ಬಿದ್ದ ಕಂದಕಕ್ಕೆ ಸಿಸ್ಟರುಗಳನ್ನಷ್ಟೇ ದೂರುವಂತಿಲ್ಲ. ಡೊನೇಶನ್ ಹಿಡಿದು ಗೇಟಿನ ಮುಂದೆ ನಿಂತವರು ನಾವೇ.

ದುಡಿಮೆಯ ಲೆಕ್ಕ

ಈಗ ನನಗೆ ಹೆಚ್ಚು ಮುಖ್ಯವೆನಿಸುವ ಪಂಥ. ಧರ್ಮಸಭಾ ಸಂಹಿತೆಯ 668ನೇ ನಿಯಮದ ಪ್ರಕಾರ ವ್ರತಧಾರಿಯು ತನ್ನ ದುಡಿಮೆಯಿಂದ ಗಳಿಸಿದ್ದು ಸಂಸ್ಥೆಗೆ ಸೇರಿದ್ದು, ಪಿಂಚಣಿಯೂ ಹಾಗೆಯೇ. 702ನೇ ನಿಯಮ ಇನ್ನೂ ನೇರ: ಸಂಸ್ಥೆ ಬಿಟ್ಟುಹೋದವಳು ತಾನು ಅಲ್ಲಿ ಮಾಡಿದ ಕೆಲಸಕ್ಕೆ ಏನನ್ನೂ ಕೇಳುವಂತಿಲ್ಲ. ಅದೇ ನಿಯಮದ ಎರಡನೇ ಭಾಗ, ಸಂಸ್ಥೆಯು ಅವಳ ವಿಷಯದಲ್ಲಿ ನ್ಯಾಯಬುದ್ಧಿ ಮತ್ತು ಪ್ರೀತಿ ತೋರಬೇಕು ಎನ್ನುತ್ತದೆ. ಎಷ್ಟು ತೋರಬೇಕು ಎಂಬುದಕ್ಕೆ ಅಂಕಿ ಇಲ್ಲ. ನಲವತ್ತೆಂಟರಲ್ಲಿ ಹೊರಬಂದ ಹೆಂಗಸಿನ ಪ್ರಶ್ನೆಗೆ ಉತ್ತರ ಇಷ್ಟೇ.

ಕೇರಳದ ಸಿಸ್ಟರ್ ಲೂಸಿ ಕಳಪ್ಪುರ ಅವರನ್ನು 2019ರಲ್ಲಿ ಸಂಸ್ಥೆಯಿಂದ ಹೊರಹಾಕಿದಾಗ ಹೊರಿಸಿದ ದೋಷಗಳಲ್ಲಿ ಒಂದು ಕಾರು ಕೊಂಡದ್ದು. ಅವರು ಶಿಕ್ಷಕಿಯಾಗಿ ಸಂಬಳ ಪಡೆಯುತ್ತಿದ್ದವರು. ಅದಕ್ಕೂ ಮುಂಚೆ 2018ರ ಮಾರ್ಚ್‌ನಲ್ಲಿ ವ್ಯಾಟಿಕನ್ ಪತ್ರಿಕೆಯ ಮಹಿಳಾ ಪುರವಣಿಯೇ, ಬಿಷಪರ, ಕಾರ್ಡಿನಲರ ಮನೆಗಳಲ್ಲಿ ಸಿಸ್ಟರುಗಳು ಸಂಬಳವಿಲ್ಲದೆ ಅಡುಗೆ, ಕಸಮುಸುರೆ ಮಾಡುತ್ತಿರುವುದನ್ನು ಬಯಲು ಮಾಡಿತ್ತು.

ಭಾರತದ ಕಾನೂನು ಈ ಲೆಕ್ಕಕ್ಕೆ ಬಂದದ್ದು ಆದಾಯ ತೆರಿಗೆಯ ದಾರಿಯಲ್ಲಿ. ಅನುದಾನಿತ ಶಾಲೆಯ ಸಿಸ್ಟರ್‌ಗೆ ಸರ್ಕಾರ ಕೊಡುವ ಸಂಬಳಕ್ಕೆ ಮೂಲದಲ್ಲೇ ತೆರಿಗೆ ಹಿಡಿಯಬಹುದೇ? ವ್ರತ ತೊಟ್ಟವಳು ಲೌಕಿಕವಾಗಿ ಸತ್ತಂತೆ, ಆ ಹಣ ಅವಳದೇ ಅಲ್ಲ, ಆದ್ದರಿಂದ ಹಿಡಿಯಬಾರದು ಎಂದು ತಮಿಳುನಾಡು, ಕೇರಳದ ಸಂಸ್ಥೆಗಳು ವಾದಿಸಿದವು. 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟಿನ ಅಂದಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ಈ ಮೇಲ್ಮನವಿಗಳನ್ನು ತಳ್ಳಿಹಾಕಿತು. ಸಂಬಳ ಸಂದಾಯವಾಗುವುದು ವ್ಯಕ್ತಿಗೆ. ಆಕೆ ಅದನ್ನು ಯಾರಿಗೆ ಒಪ್ಪಿಸುತ್ತಾಳೆ ಎಂಬುದು ತೆರಿಗೆಗೆ ಸಂಬಂಧಿಸಿದ್ದಲ್ಲ ಎಂಬುದು ಅದರ ತಿರುಳು. ಹಾಗಾಗಿ ಈಗ ಎರಡು ಕಾನೂನುಗಳು ಎರಡು ಮಾತು ಹೇಳುತ್ತಿವೆ. ದೇಶದ ಕಾನೂನಿನ ಕಣ್ಣಿಗೆ ದುಡ್ಡು ಅವಳದು, ಧರ್ಮಸಭೆಯ ಕಾನೂನಿನಲ್ಲಿ ಸಂಸ್ಥೆಯದು. ತೆರಿಗೆ ಕಟ್ಟುವವಳಾಗಿ ಅವಳು ವ್ಯಕ್ತಿ. ಖರ್ಚು ಮಾಡುವವಳಾಗಿ ಅಲ್ಲ.

ಶರಣರ ನೆಲದಲ್ಲಿ ಇದನ್ನು ಓದುವಾಗ ಕಾಯಕ, ದಾಸೋಹಗಳ ನೆನಪಾಗದೆ ಇರದು. ಗಳಿಸಿದ್ದನ್ನು ಸಮುದಾಯಕ್ಕೆ ಸವೆಸುವುದು ಅಲ್ಲೂ ಆದರ್ಶವೇ. ಆದರೆ ಆಯ್ದಕ್ಕಿ ಲಕ್ಕಮ್ಮ ಗಂಡ ಹೆಚ್ಚು ಅಕ್ಕಿ ತಂದಾಗ ತಿರುಗಿ ಕಳಿಸಿದವಳು. ಎಷ್ಟು ಸಾಕು ಎಂದು ತೀರ್ಮಾನಿಸುವ ಹಕ್ಕು ಅವಳ ಕೈಯಲ್ಲಿತ್ತು. ಕಾನ್ವೆಂಟಿನ ಸಾಮಾನ್ಯ ಸಿಸ್ಟರ್‌ಗೆ ಆ ಹಕ್ಕು ಎಷ್ಟಿದೆ ಎಂಬುದೇ ಪ್ರಶ್ನೆ.

ಈ ಪಂಥವೂ ಸೋಲುವ ಜಾಗವಿದೆ. ಇಷ್ಟೇ ಆಗಿದ್ದರೆ ಬಹುಪಾಲು ಸಿಸ್ಟರುಗಳು ಎಂದೋ ಬಿಟ್ಟುಹೋಗಬೇಕಿತ್ತು. ನರ್ಸ್ ಆಗಿ ಗಲ್ಫಿಗೆ ಹೋದರೆ ಸಿಗುವ ಸಂಬಳ ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಉಳಿಯುತ್ತಾರೆ. ಕಾರಣ ಕೇಳಿದರೆ ಮತ್ತೆ ಮೊದಲ ಪಂಥದ ಬಾಗಿಲಿಗೇ ಬಂದು ನಿಲ್ಲುತ್ತೇವೆ.

ಇನ್ನೂ ಇತ್ಯರ್ಥವಾಗದ್ದು

ಮುಂದೆ ಸೇರುವವರು ಯಾರು ಎಂಬುದು ಒಂದು. ಅಮೆರಿಕದಲ್ಲಿ 1965ರಲ್ಲಿ ಸುಮಾರು 1.8 ಲಕ್ಷ ಸಿಸ್ಟರುಗಳಿದ್ದರು, ಇಂದು 40 ಸಾವಿರವೂ ಇಲ್ಲ. ಲೋಕದಾದ್ಯಂತ ಅವರ ಸಂಖ್ಯೆ ಆರು ಲಕ್ಷಕ್ಕಿಂತ ಕೆಳಗಿಳಿದಿದೆ. ಭಾರತದಲ್ಲಿ ಒಂದು ಲಕ್ಷದ ಆಸುಪಾಸಿನಲ್ಲಿದ್ದಾರೆ, ಆದರೆ ಮೂಲ ಬದಲಾಗಿದೆ. ಕೇರಳದ, ಮಂಗಳೂರಿನ ಸಣ್ಣ ಕುಟುಂಬಗಳಿಂದ ಬರುವವರು ಕಡಿಮೆಯಾಗಿ ಜಾರ್ಖಂಡ್, ಒಡಿಶಾ, ಈಶಾನ್ಯದ ಆದಿವಾಸಿ ಹುಡುಗಿಯರು ಹೆಚ್ಚುತ್ತಿದ್ದಾರೆ. ಇದು ಕರೆಯೋ, ಓದಿಗೆ ಸಿಕ್ಕ ಏಕೈಕ ದಾರಿಯೋ ಎಂಬ ಹಳೆಯ ಪ್ರಶ್ನೆ ಹೊಸ ಊರುಗಳಲ್ಲಿ ಎದ್ದಿದೆ. ನಾಳೆ ಸಂಸ್ಥೆಯ ಮುಖ್ಯಸ್ಥಾನಕ್ಕೆ ಇವರು ಏರುತ್ತಾರೆಯೇ ಎಂಬುದು ಜಾತಿಯ ವಾದಕ್ಕೂ ಉತ್ತರ ಕೊಡಲಿದೆ.

ಅಧಿಕಾರದ ಪ್ರಶ್ನೆ ಅರ್ಧಕ್ಕೆ ನಿಂತಿದೆ. 2025ರ ಜನವರಿಯಲ್ಲಿ ಇಟಲಿಯ ಸಿಸ್ಟರ್ ಸಿಮೋನಾ ಬ್ರಾಂಬಿಲ್ಲಾ ಅವರು, ಲೋಕದ ಎಲ್ಲ ಸನ್ಯಾಸ ಸಂಸ್ಥೆಗಳನ್ನು ನೋಡಿಕೊಳ್ಳುವ ವ್ಯಾಟಿಕನ್ ಇಲಾಖೆಗೆ ಮುಖ್ಯಸ್ಥೆಯಾದರು. ಇಂಥ ಇಲಾಖೆಗೆ ಹೆಣ್ಣು ಮುಖ್ಯಸ್ಥೆ ಇದೇ ಮೊದಲು. ಜೊತೆಯಲ್ಲೇ ಕಾರ್ಡಿನಲ್ ಒಬ್ಬರನ್ನು ಪ್ರೊ-ಪ್ರಿಫೆಕ್ಟ್ ಎಂಬ ಹೆಸರಿನಲ್ಲಿ ಕೂರಿಸಲಾಯಿತು. ದೀಕ್ಷೆಯಿಲ್ಲದ ಹೆಣ್ಣಿಗೆ ಧರ್ಮಸಭೆಯ ಆಡಳಿತಾಧಿಕಾರ ಎಷ್ಟರ ಮಟ್ಟಿಗೆ ಸಲ್ಲುತ್ತದೆ ಎಂಬ ಬಗ್ಗೆ ಅವರ ಶಾಸ್ತ್ರಜ್ಞರಲ್ಲೇ ಒಮ್ಮತವಿಲ್ಲ.

ಬಿಟ್ಟುಬಂದವರಿಗೆ ಜೀವನಾಂಶದ ಹಕ್ಕು ಉಂಟೇ, ಸಂಸ್ಥೆ ಮತ್ತು ಸಿಸ್ಟರ್ ನಡುವೆ ಇರುವುದು ಉದ್ಯೋಗದ ಸಂಬಂಧವೇ ಎಂಬುದನ್ನು ತೆರಿಗೆಯ ತೀರ್ಪು ಮುಟ್ಟಲಿಲ್ಲ.

ಇನ್ನೊಂದು ನಮ್ಮ ಪಾಲಿನದು. ಈ ವಾದಗಳೆಲ್ಲ ನಡೆದಿರುವುದು ಇಂಗ್ಲಿಷಿನಲ್ಲಿ, ಮಲಯಾಳಂನಲ್ಲಿ, ಫ್ರೆಂಚ್ ದಾಖಲೆಗಳನ್ನು ಇಟ್ಟುಕೊಂಡು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ಮೂವತ್ತು ನಲವತ್ತು ವರ್ಷ ದುಡಿದು ಈಗ ಮುಪ್ಪಾದ ಸಿಸ್ಟರುಗಳ ಮಾತು ಕನ್ನಡದಲ್ಲಿ ದಾಖಲಾಗಿಲ್ಲ. ಅವರ ಕೈಯಲ್ಲಿ ಕಲಿತವರ, ಹೆರಿಗೆ ಮಾಡಿಸಿಕೊಂಡವರ ನೆನಪೂ ದಾಖಲಾಗಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಎರಡೂ ಹತ್ತಿರದಲ್ಲೇ ಇವೆ. ಮಠಗಳ ಚರಿತ್ರೆ ಬರೆದ ಶ್ರದ್ಧೆಯಿಂದಲೇ ಅಲ್ಲಿನ ವಿದ್ಯಾರ್ಥಿಗಳು ಈ ಕೆಲಸವನ್ನೂ ಕೈಗೆತ್ತಿಕೊಳ್ಳಬೇಕು. ಆ ಮುದುಕಿಯರು ಇರುವಾಗಲೇ ಹೋಗಿ ಕೇಳಬೇಕು.